ಪುಟ್ಟ ಮಕ್ಕಳ ಬೆಂತೊ: ಪಾಂಡಾ ಆಮೇಲೆ, ಮೊದಲು ಡಬ್ಬಿ ಖಾಲಿಯಾಗಲಿ

ಪ್ರಶ್ನೆ: ಹೋದ ವರ್ಷ ನಾವು ಹಾಸನದಿಂದ ಟೋಕಿಯೊಗೆ ಬಂದೆವು. ಮಗಳಿಗೆ ಮೂರೂವರೆ ವರ್ಷ. ಏಪ್ರಿಲ್‌ನಲ್ಲಿ ಇಲ್ಲಿನ ಯೋಚಿಯೆನ್‌ಗೆ, ಅಂದರೆ ಶಿಶುವಿಹಾರಕ್ಕೆ ಸೇರಿಸಿದೆವು. ವಾರಕ್ಕೆ ಮೂರು ದಿನ ಮನೆಯಿಂದ ಬೆಂತೊ, ಅಂದರೆ ಊಟದ ಡಬ್ಬಿ ಕಳಿಸಬೇಕು. ನಾವು ಮಾಂಸ, ಮೀನು ತಿನ್ನುವುದಿಲ್ಲ, ಮೊಟ್ಟೆ ಪರವಾಗಿಲ್ಲ. ಚಿತ್ರಾನ್ನ ಕಳಿಸಿದರೆ ಅರ್ಧಕ್ಕರ್ಧ ವಾಪಸ್ ಬರುತ್ತದೆ. ಅನ್ನ ಗಟ್ಟಿ ಇದೆ ಅನ್ನುತ್ತಾಳೆ. ಬೇರೆ ಮಕ್ಕಳ ಡಬ್ಬಿಯಲ್ಲಿ ಪಾಂಡಾ, ಮೊಲ ಎಲ್ಲ ಇರುತ್ತವೆ. ಬೆಳಗ್ಗೆ ಐದಕ್ಕೆ ಎದ್ದರೂ ನನ್ನ ಕೈಲಿ ಅಂಥದ್ದು ಆಗುತ್ತಿಲ್ಲ. ಆರೋಗ್ಯಕ್ಕೂ ಒಳ್ಳೆಯದಿರಬೇಕು, ಮಗುವಿಗೂ ಖುಷಿಯಾಗಬೇಕು. ಹೇಗೆ ಕಟ್ಟೋದು?

ಉತ್ತರ: ನಿಮ್ಮ ಪತ್ರ ಓದಿ ನನ್ನ ಮಗನ ಮೊದಲ ಬೆಂತೊ ನೆನಪಾಯಿತು. ಆಗ ನಾವು ಯೋಕೊಹಾಮಾದಲ್ಲಿದ್ದೆವು. ನಾನು ಓದಿದ್ದೇ ಆಹಾರ ವಿಜ್ಞಾನ, ಕೆಲಸವೂ ಅದೇ. ಆದರೂ ಅವತ್ತು ಬಿಸಿಬಿಸಿ ಪುಳಿಯೋಗರೆಯನ್ನು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ ಕಳಿಸಿಬಿಟ್ಟೆ. ಮಧ್ಯಾಹ್ನ ಡಬ್ಬಿ ಹಾಗೇ ವಾಪಸ್ ಬಂತು. ಒಳಗಿನ ಹಬೆ ತಣ್ಣಗಾಗಿ ಮುಚ್ಚಳ ಹೀರಿಕೊಂಡು ಕೂತಿತ್ತು. ಮೂರು ವರ್ಷದ ಬೆರಳುಗಳಿಗೆ ಅದು ಬಗ್ಗಲಿಲ್ಲ. ತೆಗೆದುಕೊಡಿ ಅಂತ ಟೀಚರ್‌ಗೆ ಹೇಳಲು ಅವನಿಗೆ ಆಗ ಜಪಾನಿ ಭಾಷೆಯೂ ಬರುತ್ತಿರಲಿಲ್ಲ. ಆ ದಿನದಿಂದ ಡಬ್ಬಿ ಕಟ್ಟುವಾಗ ನಾನು ಮೊದಲು ನೋಡುವುದು ಮಗುವಿನ ಕೈ. ರುಚಿ, ಬಣ್ಣ ಎಲ್ಲ ಆಮೇಲೆ.

ಪುಟ್ಟ ಮಕ್ಕಳ ಬೆಂತೊಗೆ ಇರುವುದು ಒಂದೇ ಗುರಿ. ಮಗು ತಾನೇ ಮುಚ್ಚಳ ತೆಗೆಯಬೇಕು, ತಾನೇ ತಿನ್ನಬೇಕು, ಪೂರ್ತಿ ಮುಗಿಸಬೇಕು. ಜಪಾನಿನ ಮಕ್ಕಳು ಖಾಲಿ ಡಬ್ಬಿಯನ್ನು ಅಮ್ಮನಿಗೆ ತೋರಿಸಿ ‘ಕರಪ್ಪೊ!’ ಅನ್ನುತ್ತಾರೆ. ಪೂರ್ತಿ ಖಾಲಿ ಅಂತ ಅರ್ಥ. ಶುರುವಿನಲ್ಲಿ ಅನೇಕ ಟೀಚರುಗಳು ತಾಯಂದಿರಿಗೆ ಹೇಳುವುದೂ ಇದನ್ನೇ: ಸ್ವಲ್ಪವೇ ಹಾಕಿ, ಮಗುವಿಗೆ ಇಷ್ಟವಾದದ್ದೇ ಹಾಕಿ, ಮುಗಿಸಿದ ಸಂತೋಷ ಮೊದಲು ಸಿಗಲಿ. ಹೊಸ ತರಕಾರಿಯ ಪರಿಚಯ ಮನೆಯ ಊಟದಲ್ಲಿ ಆಗಲಿ, ಬೆಂತೊದಲ್ಲಿ ಬೇಡ.

ಹಾಗಾಗಿ ಮೊದಲು ಡಬ್ಬಿಯ ಅಳತೆ ನೋಡಿ. ಈ ವಯಸ್ಸಿಗೆ 280 ಮಿಲಿಲೀಟರಿನ ಡಬ್ಬಿ ಸಾಕು. ಐದು ವರ್ಷದ ಹೊತ್ತಿಗೆ 360ರ ಆಸುಪಾಸು. ನಮ್ಮ ಕಣ್ಣಿಗೆ ಇದು ಏನೇನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಹಾಕಿ. 3ರಿಂದ 5 ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 1250ರಿಂದ 1300 ಕಿಲೊಕ್ಯಾಲರಿ. ಮಧ್ಯಾಹ್ನ ಮನೆಗೆ ಬಂದ ಮೇಲೆ ಹಾಲು, ಹಣ್ಣು ಇದ್ದೇ ಇರುತ್ತವೆ. ಜಪಾನಿನಲ್ಲಿ ಬೆಂತೊ ತುಂಬಲು ಒಂದು ಸುಲಭ ಲೆಕ್ಕ ಹೇಳಿಕೊಡುತ್ತಾರೆ: ಮೇಲಿಂದ ನೋಡಿದಾಗ ಅನ್ನ 3 ಪಾಲು, ಮೊಟ್ಟೆ ಅಥವಾ ತೋಫುವಿನಂಥದ್ದು 1 ಪಾಲು, ತರಕಾರಿ 2 ಪಾಲು. ಸಂದಿಯಿಲ್ಲದೆ ತುಂಬಿದರೆ ಡಬ್ಬಿಯ ಮಿಲಿಲೀಟರ್ ಎಷ್ಟೋ ಕಿಲೊಕ್ಯಾಲರಿಯೂ ಹೆಚ್ಚುಕಡಿಮೆ ಅಷ್ಟೇ. ತಕ್ಕಡಿ ಬೇಕಾಗಿಲ್ಲ, ಕಣ್ಣಳತೆ ಸಾಕು.

ಈಗ ನಿಮ್ಮ ಚಿತ್ರಾನ್ನದ ವಿಷಯ. ಮಗಳು ಹೇಳುತ್ತಿರುವುದು ನಿಜ. ಅನ್ನ ತಣ್ಣಗಾದಾಗ ಅದರ ಪಿಷ್ಟ ಮತ್ತೆ ಬಿಗಿಯಾಗುತ್ತದೆ. ಎಷ್ಟು ಬಿಗಿಯಾಗುತ್ತದೆ ಅನ್ನುವುದು ಅಕ್ಕಿಯಲ್ಲಿರುವ ಅಮೈಲೋಸ್ ಎಂಬ ಪಿಷ್ಟದ ಮೇಲೆ ನಿಂತಿದೆ. ನಮ್ಮ ಸೋನಾ ಮಸೂರಿಯಲ್ಲಿ ಅದು ಜಾಸ್ತಿ. ಅದಕ್ಕೇ ಬಿಸಿಯಿದ್ದಾಗ ಉದುರುದುರಾಗಿ ಚೆನ್ನಾಗಿರುತ್ತದೆ, ತಣ್ಣಗಾದರೆ ಕಾಳುಕಾಳಾಗಿ ಗಂಟಲಿಗೆ ಒತ್ತುತ್ತದೆ. ಜಪಾನಿನ ಕೊಶಿಹಿಕಾರಿಯಂಥ ಅಕ್ಕಿಯಲ್ಲಿ ಅಮೈಲೋಸ್ ಕಡಿಮೆ. ನಾಲ್ಕು ಗಂಟೆ ಕಳೆದರೂ ಮೆತ್ತಗಿರುತ್ತದೆ. ಬೆಂತೊ ಅನ್ನುವ ಪದ್ಧತಿ ನಿಂತಿರುವುದೇ ಈ ಅಕ್ಕಿಯ ಗುಣದ ಮೇಲೆ ಅಂತ ನನಗೆ ಅನ್ನಿಸುತ್ತದೆ.

ಚಿತ್ರಾನ್ನ ಬಿಡಬೇಕಾಗಿಲ್ಲ, ಅಕ್ಕಿ ಬದಲಾಯಿಸಿ. ಜಪಾನಿ ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿ, ನೀರು ತುಸು ಕಡಿಮೆ ಇಟ್ಟು ಬೇಯಿಸಿ. ಅಗಲ ತಟ್ಟೆಗೆ ಹರಡಿ ಅರಿಸಿನ, ನಿಂಬೆರಸ ಕಲೆಸಿ. ಒಗ್ಗರಣೆಗೆ ತುಪ್ಪ ಬೇಡ. ತಣ್ಣಗಾದ ತುಪ್ಪ ಹೆಪ್ಪುಗಟ್ಟಿ ಬಾಯಿಗೆ ಮೇಣದ ಹಾಗೆ ಹತ್ತುತ್ತದೆ, ಚಳಿಗಾಲದಲ್ಲಂತೂ ಇನ್ನೂ ಜಾಸ್ತಿ. ಎಳ್ಳೆಣ್ಣೆ ಒಳ್ಳೆಯದು. ಆಮೇಲೆ ಆ ಚಿತ್ರಾನ್ನವನ್ನೇ ಪ್ಲಾಸ್ಟಿಕ್ ರ‍್ಯಾಪಿನಲ್ಲಿ ಸುತ್ತಿ ಪುಟ್ಟ ಪುಟ್ಟ ಒನಿಗಿರಿ ಉಂಡೆ ಮಾಡಿ. ಒಂದೊಂದು 30 ಗ್ರಾಂ ಇರಲಿ. ಹಳದಿ ಉಂಡೆ ಮೂರು ಸಾಲಾಗಿ ಕೂತರೆ ಅದೇ ಎಷ್ಟು ಚೆಂದ! ಉಳಿದ ಅನ್ನವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನದ ಬೆಂತೊಗೆ ಹಾಕಬೇಡಿ. ಅನ್ನ ಬೇಗ ಬಿರುಸಾಗುವುದೇ ಫ್ರಿಜ್ಜಿನ ತಂಪಿನಲ್ಲಿ. ಬಿಸಿ ಇರುವಾಗಲೇ ಸುತ್ತಿ, ಆರಿದ ಕೂಡಲೇ ಫ್ರೀಜರಿಗೆ ಇಡಿ, ಬೆಳಗ್ಗೆ ಮೈಕ್ರೊವೇವ್ ಮಾಡಿ.

ಚಿತ್ರಾನ್ನದಲ್ಲಿ ಇನ್ನೊಂದು ವಿಷಯವಿದೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಕಡಲೆಬೀಜ ಹಾಕಬೇಡಿ. ಹುರಿದ ಕಡಲೆಬೇಳೆ, ಉದ್ದಿನಬೇಳೆಯೂ ಬೇಡ. 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಗಟ್ಟಿ ಕಾಳು, ಬೀಜ ಕೊಡಲೇಬೇಡಿ ಅಂತ ಜಪಾನಿನ ಗ್ರಾಹಕ ವ್ಯವಹಾರ ಇಲಾಖೆ 2021ರಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ. ಈ ವಯಸ್ಸಿನಲ್ಲಿ ಹಿಂದಿನ ದವಡೆ ಹಲ್ಲು, ಅಗಿಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ನಗುತ್ತಾ, ಮಾತಾಡುತ್ತಾ ತಿನ್ನುವಾಗ ಅರೆಬರೆ ಅಗಿದ ಚೂರು ಶ್ವಾಸನಾಳಕ್ಕೆ ಜಾರುತ್ತದೆ. ಕಡಲೆಬೀಜದ ಅಲರ್ಜಿ ಇರುವ ಮಗು ಪಕ್ಕದಲ್ಲೇ ಕೂತಿರಬಹುದು, ಅದು ಬೇರೆ ಮಾತು. ನಮ್ಮ ಮನೆಗಳಲ್ಲಿ ಎರಡು ವರ್ಷದ ಮಕ್ಕಳ ಕೈಗೂ ಕಡಲೆಬೀಜ ಕೊಡುತ್ತೇವೆ. ನಾವೆಲ್ಲ ಹಾಗೇ ಬೆಳೆದೆವು ಅಂತಲೂ ಅನ್ನುತ್ತೇವೆ. ಆದರೆ ಒಂದು ಸಲ ಆದರೂ ಆದದ್ದೇ. ರುಚಿ ಬೇಕಿದ್ದರೆ ಕಡಲೆಬೀಜದ ಬದಲು ಎಳ್ಳು ಹುರಿದು ಪುಡಿ ಮಾಡಿ ಉದುರಿಸಿ. ಎಳ್ಳಿಗೂ ಕೆಲವು ಮಕ್ಕಳಿಗೆ ಅಲರ್ಜಿ ಇರುತ್ತದೆ, ನಿಮ್ಮ ಮಗಳು ಮನೆಯಲ್ಲಿ ತಿಂದು ಅಭ್ಯಾಸವಿದ್ದರೆ ಯೋಚನೆಯಿಲ್ಲ.

ಗುಂಡಗೆ, ನುಣ್ಣಗೆ ಇರುವ ಎಲ್ಲದಕ್ಕೂ ಇದೇ ಮಾತು. ಚೆರ್ರಿ ಟೊಮ್ಯಾಟೊ, ದ್ರಾಕ್ಷಿಯನ್ನು ಇಡಿಯಾಗಿ ಹಾಕಬೇಡಿ, ಉದ್ದುದ್ದಕ್ಕೆ ನಾಲ್ಕು ಭಾಗ ಮಾಡಿ. ಎದಮಾಮೆ, ಅಂದರೆ ಎಳೆ ಸೋಯಾ ಕಾಳಿನ ತೆಳು ಸಿಪ್ಪೆ ತೆಗೆದು ಒತ್ತಿ ಚಪ್ಪಟೆ ಮಾಡಿ. ಕೊನ್ಯಾಕು ಅನ್ನುವ ಗೆಡ್ಡೆಯ ಗಟ್ಟಿ ಜೆಲ್ಲಿ ಪುಟ್ಟ ಕಪ್‌ಗಳಲ್ಲಿ ಸಿಗುತ್ತದೆ, ಅಂಗಡಿಯಲ್ಲಿ ಎಷ್ಟೇ ಮುದ್ದಾಗಿ ಕಂಡರೂ ಬೇಡ. ಒನಿಗಿರಿಗೆ ಸುತ್ತುವ ನೊರಿ, ಅಂದರೆ ಕಡಲಪಾಚಿಯ ಕಾಗದ, ಒದ್ದೆಯಾದಾಗ ಪುಟ್ಟ ಹಲ್ಲಿಗೆ ಹರಿಯುವುದಿಲ್ಲ. ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಕತ್ತರಿಯಲ್ಲಿ ಸಣ್ಣ ಚೂರು ಮಾಡಿ ಅಂಟಿಸಿ. ಸೇಬನ್ನು ತೆಳ್ಳಗೆ ಹೆಚ್ಚಿ. ಇನ್ನು ಬಣ್ಣಬಣ್ಣದ ಪ್ಲಾಸ್ಟಿಕ್ ಕಡ್ಡಿಗಳು. ಚುಚ್ಚಿಕೊಳ್ಳುವ ಭಯಕ್ಕೆ ಎಷ್ಟೋ ಯೋಚಿಯೆನ್‌ಗಳು ಅವನ್ನು ಬೇಡವೆನ್ನುತ್ತವೆ. ಟೀಚರನ್ನು ಮೊದಲೇ ಕೇಳಿಬಿಡಿ.

ಆಹಾರ ಕೆಡುವ ವಿಷಯಕ್ಕೆ ಬರೋಣ. ಜೂನ್‌ನಲ್ಲಿ ತ್ಸುಯು ಮಳೆ ಶುರುವಾಗುತ್ತದೆ. ಸೆಖೆ, ತೇವ ಎರಡೂ ಸೇರಿ ನಮ್ಮ ಕರಾವಳಿಯ ಹಾಗಿರುತ್ತದೆ. ನೀವು ಏಳಕ್ಕೆ ಕಟ್ಟಿದ ಡಬ್ಬಿ ಮಗುವಿನ ಮುಂದೆ ತೆರೆಯುವುದು ಹನ್ನೊಂದೂವರೆ, ಹನ್ನೆರಡಕ್ಕೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಉಗುರುಬೆಚ್ಚಗೆ ಬಹಳ ಹೊತ್ತು ಇಟ್ಟರೆ ಅವು ಮತ್ತೆ ಚಿಗುರುತ್ತವೆ. ನಮ್ಮ ಕೈಯಿಂದ ಹೋಗುವ ಸ್ಟೆಫಿಲೊಕಾಕಸ್ ಇನ್ನೊಂದು. ಒನಿಗಿರಿಯನ್ನು ಬರಿಗೈಯಲ್ಲಿ ಕಟ್ಟದೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಾಡಿ ಅಂದದ್ದು ಇದಕ್ಕೇ.

ಮಾಡಬೇಕಾದ್ದು ಕಷ್ಟವಲ್ಲ. ಎಲ್ಲವನ್ನೂ ಒಳಗಿನ ತನಕ ಬೇಯಿಸಿ, ಮೊಟ್ಟೆ ಹಸಿ ಇರಬಾರದು. ಅನ್ನ, ಪಲ್ಯ ಎಲ್ಲ ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ. ಬೆಳಗ್ಗೆ ಅವಸರವಿದ್ದರೆ ತಟ್ಟೆಯನ್ನು ಐಸ್ ಪ್ಯಾಕಿನ ಮೇಲಿಟ್ಟು ಬೀಸಿ. ನೀರು ಒಸರುವುದು ಯಾವುದೂ ಬೇಡ. ಬ್ರೊಕೊಲಿ ತನ್ನ ಮೊಗ್ಗಿನೊಳಗೆ ಎಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ ಅಂದರೆ, ತಲೆಕೆಳಗಾಗಿ ಬಟ್ಟೆಯ ಮೇಲೆ ಹತ್ತು ನಿಮಿಷ ನಿಲ್ಲಿಸಿದರೇನೇ ಗೊತ್ತಾಗುವುದು. ಟೊಮ್ಯಾಟೊದ ಹಸಿರು ತೊಟ್ಟು ಕಿತ್ತು, ತೊಳೆದು, ಒರೆಸಿ ಹೆಚ್ಚಿ. ಕೊಳೆ ಕೂರುವುದು ಆ ತೊಟ್ಟಿನ ಬುಡದಲ್ಲೇ. ಹೆಚ್ಚಿದ ಟೊಮ್ಯಾಟೊ ರಸ ಬಿಡುವುದರಿಂದ ಮಳೆ, ಸೆಖೆಯ ತಿಂಗಳುಗಳಲ್ಲಿ ಅದರ ಬದಲು ಬೆಂದ ಕ್ಯಾರೆಟ್ ಹಾಕಿ. ಮೊಸರನ್ನ ಈ ಪುಟ್ಟ ಡಬ್ಬಿಗೆ ಒಗ್ಗುವುದಿಲ್ಲ, ಸೋರುತ್ತದೆ. ಅದನ್ನು ಮನೆಗೆ ಬಂದ ಮೇಲೆ ಕೊಡಿ.

ಅನ್ನದ ಮಧ್ಯೆ ಒಂದು ಉಮೆಬೊಶಿ ಇಟ್ಟರೆ ಕೆಡುವುದಿಲ್ಲ ಅಂತ ಅಕ್ಕಪಕ್ಕದವರು ಹೇಳಿರಬಹುದು. ಉಪ್ಪಿನಲ್ಲಿ ಊರಿಸಿದ ಆ ಕೆಂಪು ಹಣ್ಣು ಕಾಪಾಡುವುದು ತನಗೆ ತಾಗಿದ ಅನ್ನವನ್ನು ಮಾತ್ರ. ಜೊತೆಗೆ, ಹಳೆಯ ರೀತಿಯಲ್ಲಿ ಊರಿಸಿದ ಒಂದು ಉಮೆಬೊಶಿಯಲ್ಲಿ 2 ಗ್ರಾಂ ಉಪ್ಪಿರುತ್ತದೆ. ನಿಮ್ಮ ಮಗಳ ವಯಸ್ಸಿಗೆ ಇಡೀ ದಿನದ ಉಪ್ಪು 3.5 ಗ್ರಾಂ ದಾಟಬಾರದು. ನಮ್ಮ ಉಪ್ಪಿನಕಾಯಿಗೂ ಇದೇ ಲೆಕ್ಕ.

ಚಳಿಗಾಲದಲ್ಲಿ ಕೆಲವು ಯೋಚಿಯೆನ್‌ಗಳು ಡಬ್ಬಿಗಳನ್ನು ಬಿಸಿ ಕಪಾಟಿನಲ್ಲಿ ಇಡುತ್ತವೆ. ನಿಮ್ಮಲ್ಲೂ ಹಾಗಿದ್ದರೆ ಅಲ್ಯೂಮಿನಿಯಂ ಡಬ್ಬಿ ತೆಗೆದುಕೊಳ್ಳಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅವತ್ತು ಹಣ್ಣನ್ನು ಬೇರೆ ಪುಟ್ಟ ಡಬ್ಬಿಯಲ್ಲಿ ಕೊಡಿ, ಇಲ್ಲದಿದ್ದರೆ ಕಿತ್ತಳೆಯೂ ಬಿಸಿಯಾಗಿರುತ್ತದೆ.

ಮೀನು, ಮಾಂಸ ತಿನ್ನದವರಿಗೆ ಜಪಾನಿನಲ್ಲಿ ದೊಡ್ಡ ತೊಡಕು ಕಣ್ಣಿಗೆ ಕಾಣುವ ಮೀನಲ್ಲ, ದಾಶಿ. ಅದು ಇಲ್ಲಿನ ಅಡುಗೆಯ ತಿಳಿಸಾರು. ಹೆಚ್ಚಾಗಿ ಕತ್ಸುಓ ಅನ್ನುವ ಮೀನನ್ನು ಒಣಗಿಸಿ, ಹೆರೆದು ತೆಗೆದದ್ದು. ಅಂಗಡಿಯ ತಮಾಗೊಯಾಕಿ ಅನ್ನುವ ಮೊಟ್ಟೆ ಸುರುಳಿ, ಬೇಯಿಸಿದ ಕುಂಬಳ, ಅನ್ನ ತುಂಬುವ ಸಿಹಿ ಇನಾರಿ ಚೀಲ, ನೂಡಲ್ಸ್ ಸಾಸ್ ಎಲ್ಲದರಲ್ಲೂ ಅದೇ ಇರುತ್ತದೆ. ಅನ್ನದ ಮೇಲೆ ಉದುರಿಸುವ ಫುರಿಕಾಕೆ ಪುಡಿಗಳಲ್ಲೂ ಬಹಳಷ್ಟರಲ್ಲಿ ಮೀನಿದೆ. ಕಮಾಬೊಕೊ, ಚಿಕುವಾ ಅನ್ನುವ ಬಿಳಿ, ಗುಲಾಬಿ ತುಂಡುಗಳು ನೋಡಲು ಪನೀರಿನಂತಿದ್ದರೂ ಪೂರ್ತಿ ಮೀನೇ. ಕರಿ ರೂ, ಅಂದರೆ ಜಪಾನಿ ಕರಿ ಸಾರಿಗೆ ಹಾಕುವ ಮಸಾಲೆ ಗಟ್ಟಿಗಳಲ್ಲಿ ಹೆಚ್ಚಾಗಿ ಹಸು, ಹಂದಿಯ ಕೊಬ್ಬು ಇರುತ್ತದೆ. ಕತ್ಸುಓ, ಎಕಿಸು, ಜೆಲಾಟಿನ್, ರಾಡೊ ಈ ನಾಲ್ಕು ಪದಗಳು ಜಪಾನಿ ಲಿಪಿಯಲ್ಲಿ ಹೇಗಿರುತ್ತವೆ ಅಂತ ಫೋನಿನಲ್ಲಿ ಫೋಟೊ ಇಟ್ಟುಕೊಂಡು ಲೇಬಲ್ ಹೋಲಿಸಿ. ಎಕಿಸು ಅಂದರೆ ಸಾರ, ಅದರ ಹಿಂದೆ ಕೋಳಿಯೋ ಹಂದಿಯೋ ಇರಬಹುದು. ರಾಡೊ ಅಂದರೆ ಹಂದಿ ಕೊಬ್ಬು. ಟೀಚರಿಗೆ ಬರೆಯುವಾಗಲೂ ಸುಮ್ನೆ ಸಸ್ಯಾಹಾರಿ ಅಂದರೆ ಸಾಲದು. ಮಾಂಸ, ಮೀನು, ಮೀನಿನ ದಾಶಿ ಮೂರೂ ಬೇಡ ಅಂತ ಬಿಡಿಸಿ ಬರೆಯಿರಿ.

ಬದಲಿಗೆ ಏನಿದೆ ಅಂದರೆ, ಬೇಕಾದಷ್ಟಿದೆ. ಕೊಂಬು ಅನ್ನುವ ಕಡಲಪಾಚಿಯ 10 ಗ್ರಾಂ ತುಂಡನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ಫ್ರಿಜ್ಜಿನಲ್ಲಿ ನೆನೆಸಿಟ್ಟರೆ ಬೆಳಗ್ಗೆಗೆ ದಾಶಿ ತಯಾರು. ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆ ನಡೆಯುವುದೇ ಇದರಲ್ಲಿ, ಜೊತೆಗೆ ಒಣ ಶಿಟಾಕೆ ಅಣಬೆ. ನನಗೆ ತುಂಬಾ ಇಷ್ಟವಾದದ್ದು ಕೊಯಾ-ದೋಫು, ಹೆಪ್ಪುಗಟ್ಟಿಸಿ ಒಣಗಿಸಿದ ತೋಫು. ಅದರ ಸುಮಾರು ಅರ್ಧ ತೂಕ ಪ್ರೋಟೀನೇ. 16 ಗ್ರಾಂನ ಒಂದು ಬಿಲ್ಲೆಯಲ್ಲಿ 8 ಗ್ರಾಂ ಸಿಗುತ್ತದೆ. ನೀರಿನಲ್ಲಿ ನೆನೆಸಿ, ಸ್ಪಂಜಿನಂತೆ ಹಿಂಡಿ, ಬೆರಳಗಲ ಹೆಚ್ಚಿ. ಸೋಯಾ ಸಾಸ್, ಚಿಟಿಕೆ ಸಕ್ಕರೆಯ ಕೊಂಬು ದಾಶಿಯಲ್ಲಿ ಐದು ನಿಮಿಷ ಕುದಿಸಿ ಮತ್ತೆ ಹಿಂಡಿ. ಆಲೂಗಡ್ಡೆ ಪಿಷ್ಟದಲ್ಲಿ ಹೊರಳಿಸಿ ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಹುರಿಯಿರಿ. ಮಕ್ಕಳು ಕೈಯಲ್ಲಿ ಹಿಡಿದು ತಿನ್ನುತ್ತಾರೆ.

ಕಬೊಚಾ ಕುಂಬಳ ನಮ್ಮ ಸಿಹಿಗುಂಬಳಕ್ಕಿಂತ ಹಿಟ್ಟುಹಿಟ್ಟಾಗಿರುತ್ತದೆ. ಬೇಯಿಸಿ ಮಸೆದು, ಒಂದು ಚಮಚದಷ್ಟನ್ನು ರ‍್ಯಾಪಿನಲ್ಲಿಟ್ಟು ಚೀಲದ ಬಾಯಿಯಂತೆ ತಿರುಚಿ. ಬಿಚ್ಚಿದಾಗ ಮೇಲೆ ನೆರಿಗೆ ಬಿದ್ದ ಪುಟ್ಟ ಮೋದಕ. ಇಲ್ಲಿ ಅದಕ್ಕೆ ಚಾಕಿನ್ ಅನ್ನುತ್ತಾರೆ. ಜಪಾನಿನ ಗೆಣಸಿನಲ್ಲೂ ಇದು ಬಹಳ ಚೆನ್ನಾಗಿ ಬರುತ್ತದೆ. ಪಾಲಕ್ ಸೊಪ್ಪನ್ನು ಬೇಯಿಸಿ, ಗಟ್ಟಿಯಾಗಿ ಹಿಂಡಿ, ಎಳ್ಳುಪುಡಿ, ನಾಲ್ಕು ಹನಿ ಸೋಯಾ ಸಾಸ್ ಕಲೆಸಿದರೆ ಗೊಮಾಏ. ಎಳ್ಳುಪುಡಿ ಉಳಿದ ನೀರನ್ನೂ ಹೀರಿಕೊಳ್ಳುತ್ತದೆ. ಫುರಿಕಾಕೆ ಬೇಕಿದ್ದರೆ ಕೆಂಪು ಶಿಸೊ ಎಲೆಯ ಯುಕಾರಿ ನೋಡಿ. ನೇರಳೆ ಬಣ್ಣ, ಹುಳಿ ರುಚಿ. ಉಪ್ಪಿರುವುದರಿಂದ ಚಿಟಿಕೆ ಸಾಕು.

ನಮ್ಮ ತಿಂಡಿಗಳಲ್ಲಿ ಬೆಂತೊಗೆ ಹೇಳಿ ಮಾಡಿಸಿದ್ದು ಪಡ್ಡು. ಕಾವಲಿ ಊರಿಂದ ತಂದಿಲ್ಲವೇ? ತಕೊಯಾಕಿ ಪ್ಯಾನ್ ಕೊಳ್ಳಿ, ಗುಳಿಗಳು ಅವೇ. ಹಿಟ್ಟಿಗೆ ತುರಿದ ಕ್ಯಾರೆಟ್, ಸಬ್ಬಸಿಗೆ ಸೊಪ್ಪು ಹಾಕಿ. ಗುಂಡಗಿರುವುದರಿಂದ ಅರ್ಧಕ್ಕೆ ಹೋಳು ಮಾಡಿ, ಕತ್ತರಿಸಿದ ಮುಖ ಮೇಲೆ ಬರುವಂತೆ ಇಡಿ. ಇಡ್ಲಿ ತಣ್ಣಗಾದರೆ ಗಂಟಲಿಗೆ ಒಣಗುತ್ತದೆ, ಬೇಡ.

ಈಗ ಪಾಂಡಾ. ಪ್ರಾಣಿ, ಕಾರ್ಟೂನ್ ಮುಖ ಮಾಡುವ ಬೆಂತೊಗೆ ಇಲ್ಲಿ ಕ್ಯಾರಾಬೆನ್ ಅನ್ನುತ್ತಾರೆ. ಮಾಡುವವರ ಪ್ರೀತಿ, ಶ್ರದ್ಧೆ ದೊಡ್ಡದು. ಆದರೆ ಜಪಾನಿನ ಎಲ್ಲ ತಾಯಂದಿರೂ ದಿನಾ ಮಾಡುವುದಿಲ್ಲ. ಮಕ್ಕಳ ನಡುವೆ ಹೋಲಿಕೆ ಬರುತ್ತದೆ ಅಂತ ಬೇಡವೆನ್ನುವ ಯೋಚಿಯೆನ್‌ಗಳೂ ಇವೆ. ನನ್ನ ತಕರಾರು ಬೇರೆ. ಮುಖ ಕೂರಿಸುವಾಗ ಕೈ ಜಾಸ್ತಿ ಆಡುತ್ತದೆ, ಹೊತ್ತು ಜಾಸ್ತಿ ಹಿಡಿಯುತ್ತದೆ, ಅಂದ ಕೆಡುತ್ತದೆಂದು ತರಕಾರಿ ಕಡಿಮೆಯಾಗುತ್ತದೆ. ಹುಟ್ಟುಹಬ್ಬಕ್ಕೆ, ಪಿಕ್‌ನಿಕ್ಕಿಗೆ ಮಾಡಿ. ನೊರಿ ಚೂರನ್ನು ಕೈಯಲ್ಲಿ ಮುಟ್ಟದೆ ಚಿಮಟದಲ್ಲಿ ಇಡಿ.

ದಿನದ ಡಬ್ಬಿಗೆ ಬಣ್ಣ, ಕತ್ತರಿಸುವ ರೀತಿ ಇವೆರಡೇ ಸಾಕು. ಕೆಂಪು, ಹಳದಿ, ಹಸಿರು, ಬಿಳಿ, ಕಪ್ಪು ಐದೂ ಇವೆಯಾ ಅಂತ ಜಪಾನಿನವರು ನೋಡಿಕೊಳ್ಳುತ್ತಾರೆ. ಕ್ಯಾರೆಟ್, ಮೊಟ್ಟೆ, ಪಾಲಕ್, ಅನ್ನ, ಕಪ್ಪೆಳ್ಳು ಬಂದರೆ ಐದೂ ಬಂತು. ತಮಾಗೊಯಾಕಿ ಸುರುಳಿಯ ಒಂದು ತುಂಡನ್ನು ಓರೆಯಾಗಿ ಕತ್ತರಿಸಿ, ಒಂದು ಅರ್ಧವನ್ನು ಮಗುಚಿ ಜೋಡಿಸಿ. ಹೃದಯದ ಆಕಾರ ಬರುತ್ತದೆ, ಹತ್ತು ಸೆಕೆಂಡಿನ ಕೆಲಸ. ಸೇಬಿನ ಹೋಳಿನ ಸಿಪ್ಪೆಯಲ್ಲಿ ವಿ ಆಕಾರ ಕೊಯ್ದು ಮುಂದಿನ ಸಿಪ್ಪೆ ಎಬ್ಬಿಸಿ ತೆಗೆದರೆ ಮೊಲದ ಕಿವಿ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಐದು ನಿಮಿಷ ಮುಳುಗಿಸಿದರೆ ಕಪ್ಪಾಗುವುದಿಲ್ಲ. ಬೆಂದ ಕ್ಯಾರೆಟ್ ಹೂವಿನ ಅಚ್ಚಿನಲ್ಲಿ ಒತ್ತಿ, ಉಳಿದ ಅಂಚನ್ನು ಪಡ್ಡು ಹಿಟ್ಟಿಗೆ ಹಾಕಿ. ಮಗಳ ಕೈಗೇ ಅಚ್ಚು ಕೊಡಿ. ತಾನು ಒತ್ತಿದ ಹೂವನ್ನು ಮಕ್ಕಳು ಬಿಡುವುದಿಲ್ಲ.

ತುಂಬುವಾಗ ಅನ್ನ ಮೊದಲು, ಆಮೇಲೆ ದೊಡ್ಡ ತುಂಡುಗಳು, ಕೊನೆಗೆ ಸಂದಿಗಳಿಗೆ ಬ್ರೊಕೊಲಿ. ಸಂದಿ ಬಿಟ್ಟರೆ ಮಗು ಓಡುವಾಗ ಎಲ್ಲ ಒಂದು ಮೂಲೆಗೆ ಸೇರಿಬಿಡುತ್ತದೆ. ಮುಚ್ಚಳ ಹಾಕಿ ಮೆಲ್ಲಗೆ ಓರೆ ಮಾಡಿ ನೋಡಿ, ಅಲುಗಬಾರದು. ರುಚಿ ಬೆರೆಯದಂತೆ ನಡುವೆ ಸಿಲಿಕಾನ್ ಕಪ್ ಇಡಿ. ಅಂಗಡಿ ಬೆಂತೊದಲ್ಲಿ ಕಾಣುವ ಹಸಿರು ಪ್ಲಾಸ್ಟಿಕ್ ಹುಲ್ಲಿದೆಯಲ್ಲ, ಹಿಂದೆ ಅಲ್ಲಿ ನಿಜವಾದ ಎಲೆಯನ್ನೇ ಇಡುತ್ತಿದ್ದರು. ನಮ್ಮ ಬಾಳೆ ಎಲೆಯ ನಂಟು ಅದಕ್ಕಿದೆ ಅನ್ನಿಸಿ ನನಗೆ ಅದನ್ನು ಕಂಡರೆ ಪ್ರೀತಿ.

ಐದಕ್ಕೆ ಏಳಬೇಡಿ. ಭಾನುವಾರ ಕುಂಬಳ, ಪಾಲಕ್, ಕೊಯಾ-ದೋಫುವನ್ನು ಪುಟ್ಟ ಕಪ್ಪುಗಳಲ್ಲಿ ಫ್ರೀಜ್ ಮಾಡಿ. ಬೆಳಗ್ಗೆ ಬಿಸಿ ಬರುವ ತನಕ ಮೈಕ್ರೊವೇವ್ ಮಾಡಿ, ಆರಿಸಿ ತುಂಬಿ. ಮನೆಯಲ್ಲಿ ಫ್ರೀಜ್ ಮಾಡಿದ್ದನ್ನು ಹಾಗೇ ಡಬ್ಬಿಗೆ ಹಾಕಿ ತಾನಾಗಿ ಕರಗಲು ಬಿಡಬಾರದು. ಹಾಗೆ ಮಾಡಬಹುದಾದದ್ದು ಪ್ಯಾಕೆಟ್ ಮೇಲೆ ಹಾಗಂತ ಬರೆದಿರುವ ಅಂಗಡಿ ಸಾಮಾನು ಮಾತ್ರ. ಬೆಳಗ್ಗೆ ಹೊಸದಾಗಿ ಮಾಡುವುದು ಅನ್ನ, ಮೊಟ್ಟೆ ಅಷ್ಟೇ. ಇಪ್ಪತ್ತು ನಿಮಿಷ ಸಾಕು, ಆರಲು ಇನ್ನೊಂದು ಇಪ್ಪತ್ತು.

ಈ ಶನಿವಾರ ಒಂದು ಕೆಲಸ ಮಾಡಿ. ಡಬ್ಬಿ ಕಟ್ಟಿಕೊಂಡು ಹತ್ತಿರದ ಪಾರ್ಕಿಗೆ ಹೋಗಿ. ಚೀಲದ ದಾರ ಎಳೆಯುವುದು, ಡಬ್ಬಿಯ ಪಟ್ಟಿ ಬಿಚ್ಚುವುದು, ಮುಚ್ಚಳ ತೆಗೆಯುವುದು, ಊಟಕ್ಕೆ ಮೊದಲು ಇಲ್ಲಿ ಹೇಳುವ ‘ಇತದಕಿಮಾಸ್’ ಅನ್ನುವುದು ಎಲ್ಲ ಅವಳೇ ಮಾಡಲಿ. ನೀವು ಕೈ ಹಾಕಬೇಡಿ. ಎಲ್ಲಿ ತಡೆಯುತ್ತಾಳೆ ನೋಡಿ. ಪಟ್ಟಿ ಬಿಗಿಯಾದರೆ ಸಡಿಲವಾದದ್ದು ತನ್ನಿ. ಉಂಡೆ ದೊಡ್ಡದಾದರೆ ಚಿಕ್ಕದು ಮಾಡಿ. ಇಪ್ಪತ್ತೈದು ನಿಮಿಷದಲ್ಲಿ ಏನು ಉಳಿಯಿತೋ ಅಷ್ಟನ್ನು ಸೋಮವಾರ ಕಡಿಮೆ ಹಾಕಿ.